ಪುಣೇಲಿ ರಾಮೆನ್, ಬಬಲ್ ಟೀ: ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಪುಣೆಗೆ ಓದೋಕೆ ಬಂದಾಗಿಂದ ರಾಮೆನ್ ಅಂಗಡಿ, ಬಬಲ್ ಟೀ ಅಂಗಡಿ ಅಂತ ಸುತ್ತೋದು ನಂಗೆ ತುಂಬಾ ಇಷ್ಟ. ಅದಕ್ಕೇ ಕಾಲೇಜಿಗೆ ಹೊಸದಾಗಿ ಬಂದ ಕನ್ನಡದ ಜೂನಿಯರ್‌ಗಳು, ಸಾಗರದಲ್ಲಿರೋ ಕಸಿನ್ಸು, ಅಮ್ಮ, ಅಮ್ಮನ ಫ್ರೆಂಡ್ಸು ಎಲ್ಲಾ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಕೇಳಿದೋರ ಮಾತಲ್ಲೇ ಇಟ್ಟಿದೀನಿ. ರಾಮೆನ್ ಅಂದ್ರೆ ಸೂಪಲ್ಲಿ ಬರೋ ಜಪಾನೀ ನೂಡಲ್ಸು, ಬಬಲ್ ಟೀ ಅಂದ್ರೆ ತಳದಲ್ಲಿ ಅಗಿಯೋ ಗುಂಡು ಇರೋ ತೈವಾನಿನ ಟೀ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇವೆರಡರ ರುಚೀನೂ ಗಡಿಯಾರದ ಮೇಲೆ ನಿಂತಿದೆ, ಮಾಡಿದ ಕೂಡ್ಲೇ ತಿಂದ್ರೆ ಕುಡಿದ್ರೆ ಮಾತ್ರ ಅದು ಏನು ಅಂತ ಗೊತ್ತಾಗೋದು.

## ಮೊದಲ ಸಲ ಹೋಗೋರಿಗೆ

ರಾಮೆನ್ ಅಂದ್ರೆ ಮ್ಯಾಗೀನೇ ತಾನೇ, ಅದಕ್ಕೆ 500 ರೂಪಾಯಿ ಯಾಕೆ ಕೊಡ್ಬೇಕು?

ಸಂಬಂಧ ಇದೆ, ಆದ್ರೆ ಎರಡೂ ಒಂದಲ್ಲ. ಎಣ್ಣೇಲಿ ಕರಿದು ಒಣಗಿಸಿದ ಇನ್‌ಸ್ಟಂಟ್ ನೂಡಲ್ಸನ್ನ ಜಪಾನಲ್ಲಿ ಮೊಮೊಫುಕು ಆಂಡೊ ಅನ್ನೋರು 1958ರಲ್ಲಿ ಮಾರುಕಟ್ಟೆಗೆ ತಂದ್ರು, ಅದಕ್ಕೆ ಚಿಕನ್ ರಾಮೆನ್ ಅಂತಾನೇ ಹೆಸರಿಟ್ಟಿದ್ರು, 1971ರಲ್ಲಿ ಕಪ್ ನೂಡಲ್ಸ್ ಬಂತು, ನಮ್ಮಲ್ಲಿಗೆ ಮ್ಯಾಗಿ ಬಂದಿದ್ದು 1983ರಲ್ಲಿ. ಇವೆಲ್ಲಾ ಅಂಗಡಿ ರಾಮೆನ್ನಿನ ಅವಸರದ ರೂಪ.

ಅಂಗಡಿ ಬೌಲಲ್ಲಿ ಐದು ಕೆಲಸ ಬೇರೆ ಬೇರೆ ನಡೆದಿರತ್ತೆ. ಮೂಳೆನೋ ತರಕಾರಿನೋ ಕುದಿಸಿದ ಸೂಪು, ಬೌಲಿನ ತಳಕ್ಕೆ ಮೊದ್ಲು ಹಾಕೋ ತಾರೆ ಅನ್ನೋ ಉಪ್ಪುಪ್ಪು ಗಟ್ಟಿ ರಸ, ಬೆಳ್ಳುಳ್ಳಿ ಈರುಳ್ಳಿ ಹಾಕಿ ಕಾಯಿಸಿದ ಘಮಘಮ ಎಣ್ಣೆ, ನೂಡಲ್ಸು, ಆಮೇಲೆ ಮೇಲಿನ ಟಾಪಿಂಗ್. ನೂಡಲ್ಸಿಗೆ ಗೋಧಿ ಹಿಟ್ಟು, ನೀರು, ಉಪ್ಪಿನ ಜೊತೆ ಕಾನ್ಸುಯಿ ಅಂತ ಒಂದು ಕ್ಷಾರ ಬೀಳತ್ತೆ, ಅಂದ್ರೆ ಪೊಟ್ಯಾಶಿಯಂ ಕಾರ್ಬೊನೇಟು, ಸೋಡಿಯಂ ಕಾರ್ಬೊನೇಟು, ನಮ್ಮನೇಲಿ ಹಪ್ಪಳಕ್ಕೆ ಹಾಕೋ ಕ್ಷಾರದ ಜಾತೀನೇ. ಮೊಟ್ಟೆ ಹಾಕದಿದ್ರೂ ನೂಡಲ್ಸು ಹಳದಿ ಬರೋದು, ಹಲ್ಲಿಗೆ ಸಿಕ್ಕಾಗ ಪುಟಿಯೋದು ಅದರಿಂದಾನೇ. ಇನ್ನು ಗಟ್ಟಿ ಸೂಪಿಗೆ ಮೂಳೆ ಹತ್ತು ಹನ್ನೆರಡು ಗಂಟೆ ಕುದೀಬೇಕು, ನೀವು ಕೊಡೋ ದುಡ್ಡಲ್ಲಿ ದೊಡ್ಡ ಪಾಲು ಆ ಗ್ಯಾಸಿಗೆ, ರಾತ್ರಿಯೆಲ್ಲ ಪಾತ್ರೆ ಮುಂದೆ ನಿಂತೋರ ಕೂಲಿಗೆ ಹೋಗತ್ತೆ. ಸೂಪನ್ನ ಪುಡಿ ಕದಡಿ ಮಾಡಿದ್ರೆ ಮಾತ್ರ ಆ ರೇಟು ನ್ಯಾಯ ಅಲ್ಲ ಅಂತ ನನ್ ಅಭಿಪ್ರಾಯ.

ಪುಟ್ಟಿ, ಆ ಬಬಲ್ ಟೀಲಿರೋ ಕರೀ ಗುಂಡು ಏನೇ ಅದು, ಹೊಟ್ಟೇಲಿ ಕರಗತ್ತಾ?

ಕರಗತ್ತಮ್ಮಾ. ಅದು ಮರಗೆಣಸಿನ ಪಿಷ್ಟ, ನಾವು ಪಾಯಸಕ್ಕೆ ಹಾಕೋ ಸಾಬಕ್ಕಿಯೂ ಅದರದ್ದೇ, ತಮಿಳುನಾಡಿನ ಸೇಲಂ ಕಡೆ ಹೇರಳವಾಗಿ ಮಾಡ್ತಾರಲ್ಲ ಅದು. ಇಲ್ಲಿ ಪುಣೇಲಿ ಬೆಳಗಾದ್ರೆ ಸಾಬೂದಾನಾ ಖಿಚಡಿ ತಿನ್ನೋ ಜನ ಸಂಜೆ ಅದೇ ಪಿಷ್ಟವನ್ನ ಟೀಲಿ ಅಗೀತಾರೆ. ಬೋಬಾ ಅಂದ್ರೆ ಟೀಗೆ ಹಾಕೋ ಈ ಗುಂಡೇ, ಇದನ್ನ ದಪ್ಪ ಮಾಡಿ, ಬ್ರೌನ್ ಶುಗರ್ ಪಾಕ ಸೇರಿಸ್ತಾರೆ, ಕಪ್ಪು ಬಣ್ಣ ಬರೋದು ಆ ಪಾಕದಿಂದ ಇಲ್ಲಾ ಕ್ಯಾರಮೆಲ್‌ನಿಂದ. ಅಗಿದು ನುಂಗ್ಬೇಕು ಅಷ್ಟೇ. ಚಿಕ್ಕ ಮಕ್ಕಳಿಗೆ ಮಾತ್ರ ದಯವಿಟ್ಟು ಕೊಡಬೇಡಿ, ದಪ್ಪ ಸ್ಟ್ರಾದಲ್ಲಿ ಜೋರಾಗಿ ಎಳೆದಾಗ ಸೀದಾ ಗಂಟಲಿಗೆ ಹೋಗಿ ಸಿಕ್ಕಿಕೊಳ್ಳೋ ಅಪಾಯ ನಿಜವಾಗ್ಲೂ ಇದೆ. ತಂಗಿ ತಮ್ಮನ್ನ ಕರ್ಕೊಂಡು ಹೋದ್ರೆ ಬೋಬಾ ಇಲ್ದೆ ಬರೀ ಟೀ ಕೊಡಿಸಿ.

ಅಕ್ಕಾ, ಒಂದೇ ಒಂದು ಬೆಸ್ಟ್ ಅಂಗಡಿ ಹೆಸರು ಹೇಳಿ, ಅಲ್ಲಿಗೇ ಹೋಗ್ತೀವಿ

ಹೆಸರು ಹೇಳಲ್ಲ, ಯಾಕಂದ್ರೆ ಇಲ್ಲಿ ಅಡುಗೆಯೋರು ಬದಲಾದ ಕೂಡ್ಲೇ ಬೌಲೂ ಬದಲಾಗತ್ತೆ, ಹೋದ ವರ್ಷ ಚೆನ್ನಾಗಿದ್ದಿದ್ದು ಈ ವರ್ಷ ಇರತ್ತೆ ಅಂತಿಲ್ಲ. ಏರಿಯಾ ಹೇಳ್ತೀನಿ. ಕೂತು ತಿನ್ನೋ ರಾಮೆನ್ನಿಗೆ ಕೋರೆಗಾಂವ್ ಪಾರ್ಕ್, ಕಲ್ಯಾಣಿ ನಗರ, ವಿಮಾನ್ ನಗರ, ಆ ಕಡೆ ಬಾಣೇರ್, ಔಂಧ್. ಬಬಲ್ ಟೀ ಆದ್ರೆ ಕಾಲೇಜು ಇರೋ ಕಡೆ ಎಲ್ಲಾ ಇದೆ, ಎಫ್‌ಸಿ ರೋಡು, ಮಾಲ್‌ಗಳು, ಹೀಗೆ. ಕೋಥ್ರೂಡ್ ಕಡೆ ಪಿಜಿಲಿರೋರು ವನಾಜ್‌ನಿಂದ ರಾಮವಾಡಿ ಮೆಟ್ರೋ ಹತ್ತಿದ್ರೆ ಕಲ್ಯಾಣಿ ನಗರಕ್ಕೆ ಒಂದೇ ಗಾಡಿ, ಸ್ಟೂಡೆಂಟ್ ಪಾಸಿಗೆ ರಿಯಾಯಿತಿ ಬೇರೆ ಇದೆ, ಆಟೋಗೆ ಕೊಡೋ ದುಡ್ಡಲ್ಲಿ ಒಂದು ಬಬಲ್ ಟೀ ಬರತ್ತೆ.

ಈ ಊರಿಗೂ ಜಪಾನಿಗೂ ನಂಟು ಚೆನ್ನಾಗೇ ಇದೆ. ಜಪಾನೀಸ್ ಕಲಿಯೋರು ಇಲ್ಲಿ ತುಂಬಾ ಜನ, ನನ್ ರೂಮ್‌ಮೇಟೇ ರಾನಡೆ ಇನ್‌ಸ್ಟಿಟ್ಯೂಟಲ್ಲಿ ಕಲೀತಿದಾಳೆ, ಸಿಂಹಗಡ ರೋಡಲ್ಲಿ ಪುಣೆ-ಓಕಾಯಾಮಾ ಗೆಳೆತನದ ಹೆಸರಲ್ಲಿ ಜಪಾನೀ ಶೈಲಿಯ ತೋಟಾನೇ ಇದೆ, ಪು.ಲ. ದೇಶಪಾಂಡೆ ಉದ್ಯಾನ. ಅವಳ ಜೊತೆ ಹೋದ್ರೆ ಮೆನು ಓದೋ ಕಷ್ಟ ಇರಲ್ಲ.

ಶೋಯು ಶಿಯೋ ಮಿಸೋ ಟೊಂಕೋತ್ಸು, ತಲೆಬುಡ ಅರ್ಥ ಆಗ್ತಿಲ್ಲ

ಮೊದಲ ಮೂರು ತಾರೆಯ ಹೆಸರು, ಕೊನೇದು ಸೂಪಿನ ಹೆಸರು, ಇಷ್ಟು ಗೊತ್ತಾದ್ರೆ ಅರ್ಧ ಮೆನು ಗೊತ್ತಾದಂಗೆ. ಶಿಯೋ ಬರೀ ಉಪ್ಪಿನದ್ದು, ತಿಳಿ, ಹಗುರ. ಶೋಯು ಸೋಯಾ ಸಾಸಿಂದು, ಕಂದು. ಮಿಸೋ ಹುಳಿ ಬರಿಸಿದ ಸೋಯಾ ಪೇಸ್ಟಿಂದು, ಜಪಾನಿನ ಚಳಿ ಸೀಮೆ ಸಪ್ಪೊರೋದಲ್ಲಿ 1950ರ ದಶಕದಲ್ಲಿ ಶುರುವಾಗಿದ್ದು, ಪುಣೆಯ ಜುಲೈ ಮಳೇಲಿ ಇದರಷ್ಟು ಹಿತ ಯಾವುದೂ ಇಲ್ಲ. ಟೊಂಕೋತ್ಸು ಅಂದ್ರೆ ಹಂದಿ ಮೂಳೆ ಸೂಪು, ದಕ್ಷಿಣದ ಕ್ಯೂಷು ದ್ವೀಪದ್ದು. ಹಾಲಿನ ತರ ಬೆಳ್ಳಗಿರತ್ತೆ ಆದ್ರೆ ಹಾಲು ಹಾಕಿರಲ್ಲ, ಜೋರು ಉರೀಲಿ ಕೊತಕೊತ ಕುದಿಸಿದಾಗ ಮೂಳೆಯ ಕೊಬ್ಬು, ಜೆಲಟಿನ್ ಎಲ್ಲಾ ನೀರಲ್ಲಿ ಬೆರೆತು ಆ ಬಣ್ಣ ಬರೋದು. ಅದೇ ಮೂಳೇನ ಸಣ್ಣ ಉರೀಲಿ ಇಟ್ರೆ ಸೂಪು ತಿಳಿಯಾಗೇ ಇರತ್ತೆ. ಖಾರ ಬೇಕು ಅನ್ನೋರು ತಂತನ್‌ಮೆನ್ ತಗೊಳ್ಳಿ, ಚೀನಾದ ಸಿಚುವಾನ್ ಕಡೆಯಿಂದ ಬಂದಿದ್ದು, ಎಳ್ಳಿನ ಪೇಸ್ಟು, ಮೆಣಸಿನ ಎಣ್ಣೆ ಇರತ್ತೆ, ನಮ್ ನಾಲಿಗೆಗೆ ಬೇಗ ಒಗ್ಗತ್ತೆ.

ಮಲೆನಾಡಿನೋರಿಗೆ ಒಂದು ಖುಷಿ ವಿಷ್ಯ, ಮೇಲೆ ಹಾಕೋ ಮೆನ್ಮಾ ಅನ್ನೋ ಕಂದು ಪಟ್ಟಿ ಬೇರೇನಲ್ಲ, ಹುಳಿ ಬರಿಸಿದ ಕಳಲೆ.

ಚಾಪ್‌ಸ್ಟಿಕ್ ಹಿಡಿಯೋಕೆ ಬರಲ್ಲ, ನಗ್ತಾರೇನೋ

ಯಾರೂ ನಗಲ್ಲ. ಫೋರ್ಕ್ ಕೇಳಿ, ಕೊಡ್ತಾರೆ. ಸೊರ್ ಅಂತ ಸದ್ದು ಮಾಡಿ ಎಳ್ಕೊಳ್ಳೋದಕ್ಕೂ ನಾಚ್ಕೋಬೇಡಿ, ಗಾಳಿ ಜೊತೆ ಹೋದಾಗ ಬಿಸಿ ಆರತ್ತೆ, ಘಮ ಮೂಗಿಗೆ ಏರತ್ತೆ. ಫೋಟೋ ಮಾತ್ರ ಬೇಗ ಮುಗಿಸಿ.

## ವೆಜ್ಜು, ಪೋರ್ಕು, ಉಪವಾಸ

ನಾ ಪೂರಾ ವೆಜ್ ಅದೀನ್ರೀ, ವೆಜ್ ರಾಮೆನ್ ಅಂತ ಬರದಿದ್ರ ಕಣ್ಣು ಮುಚ್ಚಿ ತಿನ್ನಬಹುದೇನು?

ಕಣ್ಣು ಮುಚ್ಚಿ ಬೇಡ, ಕೇಳಿ ತಿನ್ನಿ. ಜಪಾನಿ ಅಡುಗೆಯ ಬುಡದಲ್ಲಿ ದಾಶಿ ಅನ್ನೋ ಕಟ್ಟು ಇರತ್ತೆ, ಅದಕ್ಕೆ ಕೊಂಬು ಅನ್ನೋ ಕಡಲ ಪಾಚಿ ಜೊತೆ ಕತ್ಸುವೊಬುಶಿ ಅಂತ ಹೊಗೆ ಹಾಕಿ ಒಣಗಿಸಿದ ಮೀನಿನ ಹೆರಕಲು ಹಾಕೋದು ರೂಢಿ. ಮೇಲೆ ಕಾಣೋದು ಟೋಫು, ಅಣಬೆ, ಜೋಳ ಅಷ್ಟೇ ಆದ್ರೂ ತಾರೆಯೊಳಗೆ ಮೀನು ಇರಬಹುದು. ಅದಕ್ಕೇ "ವೆಜ್ಜಾ?" ಅಂತ ಕೇಳಿದ್ರೆ ಸಾಲಲ್ಲ, ಹೌದು ಅಂದ್ಬಿಡ್ತಾರೆ, ಅವರ ಕಣ್ಣಿಗೆ ಮೇಲಿನ ತರಕಾರೀನೇ ಕಾಣೋದು. ನಾನು ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳ್ತೀನಿ, ಸೂಪು ಯಾವುದರಿಂದ ಮಾಡಿದ್ದು, ತಾರೇಲಿ ಮೀನು ಇದೆಯಾ, ನೂಡಲ್ಸಲ್ಲಿ ಮೊಟ್ಟೆ ಇದೆಯಾ. ಬಡಿಸೋ ಹುಡುಗ್ರು ಸುಮಾರು ಕಡೆ ಈಶಾನ್ಯ ರಾಜ್ಯದೋರು ಇಲ್ಲಾ ನೇಪಾಳದೋರು, ಹಿಂದೀಲಿ "ಸೂಪ್ ಮೇ ಮಛಲಿ ಡಾಲ್ತೇ ಹೋ ಕ್ಯಾ ಭಯ್ಯಾ" ಅಂದ್ರೆ ಒಳಗೆ ಹೋಗಿ ವಿಚಾರಿಸ್ಕೊಂಡು ಬರ್ತಾರೆ. ವಿಚಾರಿಸದೆ ಅಲ್ಲೇ ತಲೆಯಾಡಿಸಿದ್ರೆ ನಾನು ಆ ಅಂಗಡೀಲಿ ವೆಜ್ ಫ್ರೆಂಡ್ಸನ್ನ ಕೂರಿಸಲ್ಲ.

ಮಡಿ ಜಾಸ್ತಿ ಇರೋರಿಗೆ ಇನ್ನೊಂದು ಮಾತು, ನೂಡಲ್ಸು ಬೇಯಿಸೋ ನೀರು ಎಲ್ಲಾ ಬೌಲಿಗೂ ಒಂದೇ ಇರತ್ತೆ, ಸೌಟೂ ಒಂದೇ ಇರಬಹುದು. ಮಿರಿನ್, ಸಾಕೆ ಅಂತ ಅಕ್ಕಿಯ ಮದ್ಯವೂ ತಾರೆಗೆ ಬೀಳೋದುಂಟು, ಅದು ಬೇಡ ಅನ್ನೋರು ಅದನ್ನೂ ಕೇಳಿ.

ಹಂಗಂತ ವೆಜ್ ರಾಮೆನ್ ಸಪ್ಪೆ ಅಂತ ದಯವಿಟ್ಟು ಅನ್ಕೋಬೇಡಿ. 1908ರಲ್ಲಿ ಕಿಕುನಾಯೆ ಇಕೆಡಾ ಅನ್ನೋ ವಿಜ್ಞಾನಿ ಉಮಾಮಿ (ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೇದು) ಅನ್ನೋ ರುಚಿಯ ಮೂಲ ಗ್ಲುಟಮೇಟನ್ನ ಬೇರ್ಪಡಿಸಿದ್ದೇ ಕೊಂಬು ಪಾಚಿಯಿಂದ, ಮೀನಿಂದಲ್ಲ. ಕೊಂಬು ಜೊತೆ ಒಣಗಿದ ಶಿಟಾಕೆ ಅಣಬೆ ಸೇರಿದ್ರೆ ಎರಡೂ ಒಂದನ್ನೊಂದು ಎತ್ತಿ ಹಿಡಿದು ರುಚಿ ಬಿಡಿಬಿಡಿಯಾಗಿ ಇದ್ದಿದ್ದಕ್ಕಿಂತ ಎಷ್ಟೋ ಜಾಸ್ತಿ ಆಗತ್ತೆ. ಅದರ ಮೇಲೆ ಸೋಯಾ ಹಾಲು, ಎಳ್ಳಿನ ಪೇಸ್ಟು ಹಾಕಿ ಗಟ್ಟಿ ಮಾಡೋ ಅಂಗಡಿ ಸಿಕ್ಕಿದ್ರೆ ಬಿಡಬೇಡಿ, ನಾನ್‌ವೆಜ್ ತಿನ್ನೋ ನಾನೇ ಅಂಥ ಕಡೆ ಅದನ್ನೇ ತಗೊಳ್ತೀನಿ.

ಪೋರ್ಕ್ ತಿನ್ನಲ್ಲ, ಚಿಕನ್ ನಡಿಯತ್ತೆ. ಚಿಕನ್ ರಾಮೆನ್ ಅಂದ್ರೆ ಸಾಕಲ್ವಾ?

ಸಾಕಾಗಲ್ಲ. ಮೇಲೆ ಚಿಕನ್ ಇಟ್ಟು ಕೆಳಗೆ ಹಂದಿ ಸೂಪು ಇರೋದು ಉಂಟು, ಎಣ್ಣೇಲೂ ಹಂದಿ ಕೊಬ್ಬು ಇರಬಹುದು. ತೋರಿ ಪೈತಾನ್ ಅಂತ ಇದ್ರೆ ಅದು ಕೋಳಿ ಮೂಳೆಯನ್ನೇ ಗಟ್ಟಿಯಾಗಿ ಕುದಿಸಿದ್ದು, ಆದ್ರೂ ಎಣ್ಣೆ ಬಗ್ಗೆ ಒಂದು ಮಾತು ಕೇಳಿ. ಹಲಾಲ್ ಬೇಕಾದ ನನ್ ಕ್ಲಾಸ್‌ಮೇಟು ಮುಂಚೇನೇ ಫೋನ್ ಮಾಡಿ ಕೇಳಿ ಹೋಗ್ತಾಳೆ, ಅದೇ ಸರಿ.

ಬಬಲ್ ಟೀ ಪೂರ್ತಿ ವೆಜ್ ತಾನೇ?

ಟೀ, ಹಾಲು, ಬೋಬಾ ಮೂರೂ ವೆಜ್. ಅನುಮಾನ ಬರೋದು ಬೇರೆ ಟಾಪಿಂಗಲ್ಲಿ. ಪುಡ್ಡಿಂಗಲ್ಲಿ ಮೊಟ್ಟೆ ಇಲ್ಲಾ ಪ್ರಾಣಿ ಮೂಳೆ, ಚರ್ಮದಿಂದ ಮಾಡೋ ಜೆಲಟಿನ್ ಇರಬಹುದು, ಜೆಲ್ಲಿ ಯಾವುದರಿಂದ ಮಾಡಿದ್ದು ಅಂತ ಕೇಳಿ. ಬಾಯಲ್ಲಿ ಪಟ್ ಅಂತ ಒಡೆಯೋ ಪಾಪಿಂಗ್ ಬೋಬಾ ಮರಗೆಣಸಿಂದಲ್ಲ, ಹಣ್ಣಿನ ರಸಕ್ಕೆ ಕಂದು ಪಾಚಿಯಿಂದ ತೆಗೆದ ಆಲ್ಜಿನೇಟಿನ ಪೊರೆ ಕಟ್ಟಿರ್ತಾರೆ, ಅದು ಕ್ಯಾಲ್ಸಿಯಂ ಜೊತೆ ಸೇರಿದಾಗ ಗಟ್ಟಿಯಾಗತ್ತೆ, ವೆಜ್ಜೇ. ಹಾಲು ಆಗದೋರು ಹಣ್ಣಿನ ಟೀ ತಗೊಳ್ಳಿ, "ನಾನ್ ಡೈರಿ ಕ್ರೀಮರ್" ಅಂತ ಬರೆದಿದ್ರೂ ಕೆಲವದ್ರಲ್ಲಿ ಹಾಲಿನ ಕೇಸೀನ್ ಇರತ್ತೆ. ನೇರಳೆ ಬಣ್ಣದ ಟಾರೋ ಅಂದ್ರೆ ಕೆಸುವಿನ ಗಡ್ಡೆ, ಪತ್ರೊಡೆ ಎಲೆಯ ಗಿಡದ್ದು, ಆದ್ರೆ ತುಂಬಾ ಕಡೆ ಗಡ್ಡೆ ಬದ್ಲು ಬಣ್ಣ ಹಾಕಿದ ಪುಡಿ ಬಳಸ್ತಾರೆ.

ಸಾಬೂದಾನಾ ಅಂದ್ಮೇಲೆ ಏಕಾದಶಿಗೆ ನಡಿಯತ್ತಾ?

ನಮ್ ಪಿಜಿ ಓನರ್ ಕಾಕು ಕೇಳಿದ್ದು. ಪಿಷ್ಟ ಒಂದೇ ಆದ್ರೂ ಪ್ಯಾಕೆಟ್ ಬೋಬಾದಲ್ಲಿ ಬಣ್ಣ, ಕೆಡದಂಗೆ ಹಾಕೋ ಪುಡಿ ಎಲ್ಲಾ ಸೇರಿರತ್ತೆ, ಉಪವಾಸಕ್ಕೆ ಮನೇಲಿ ಮಾಡಿದ ಖಿಚಡೀನೇ ವಾಸಿ ಕಾಕು ಅಂದೆ.

## ದುಡ್ಡು, ಟೈಮು, ಆರೋಗ್ಯ

ತಿಂಗಳ ಕೊನೇಲಿ ಕೈಯಲ್ಲಿ ಕಾಸಿರಲ್ಲ, ಆದ್ರೂ ತಿನ್ಬೇಕು ಅನ್ಸತ್ತೆ, ಏನ್ ಮಾಡೋದು?

ಪುಣೇಲಿ ಒಳ್ಳೆ ರಾಮೆನ್ ಬೌಲು ಸುಮಾರು 400ರಿಂದ 700 ರೂಪಾಯಿ, ಬಬಲ್ ಟೀ 150ರಿಂದ 300, ಇದು ದಿನಾ ಮಾಡೋ ಖರ್ಚಲ್ಲ. ದಿನಾ ಟೀಗೆ ಅಮೃತತುಲ್ಯ ಅನ್ನೋ ಪುಣೆಯ ಚಹಾ ಅಂಗಡಿ ಇದೆ, ಅದನ್ನ ಮೀರಿಸೋ ಟೀ ಬೇರೆ ಇಲ್ಲ. ನಾನು ಬಬಲ್ ಟೀ ನಾಕು ಸಲ ಕುಡಿಯೋ ದುಡ್ಡು ಉಳಿಸಿ ಒಂದು ಸಲ ಸರಿಯಾದ ರಾಮೆನ್ ತಿನ್ನು ಅಂತ ಎಲ್ರಿಗೂ ಹೇಳ್ತೀನಿ. ಇಬ್ಬರು ಸೇರಿ ಒಂದು ಬೌಲ್ ಹಂಚ್ಕೋಬಹುದು, ಖಾಲಿ ಬೌಲ್ ಒಂದು ಜಾಸ್ತಿ ಕೇಳಿ, ಬಂದ ಕೂಡ್ಲೇ ಭಾಗ ಮಾಡಿ, ಒಬ್ಬರಾದ ಮೇಲೆ ಒಬ್ಬರು ತಿಂದ್ರೆ ಎರಡನೇಯವರಿಗೆ ಮೆತ್ತಗಾದ ನೂಡಲ್ಸ್ ಸಿಗತ್ತೆ. ನೂಡಲ್ಸ್ ಎಕ್ಸ್ಟ್ರಾ ಹಾಕಿಸ್ಕೊಳ್ಳೋ ಕಾಯೆದಾಮಾ ಪದ್ಧತಿ ಇರೋ ಕಡೆ ಇನ್ನೂ ಸುಲಭ, ಸೂಪ್ ಉಳಿಸ್ಕೊಂಡು ನೂಡಲ್ಸ್ ಮಾತ್ರ ಮತ್ತೆ ತರಿಸೋದು.

ಬಿಲ್ ಓದೋದು ಕಲೀರಿ. ಊಟದ ಬಿಲ್ಲಿಗೆ ಸಾಮಾನ್ಯವಾಗಿ 5% ಜಿಎಸ್‌ಟಿ ಇರತ್ತೆ, ಅದು ಕೊಡಲೇಬೇಕು. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಾಗಂತ ಮಾರ್ಗಸೂಚಿ ಹೊರಡಿಸ್ತು, 2025ರ ಮಾರ್ಚಲ್ಲಿ ದಿಲ್ಲಿ ಹೈಕೋರ್ಟು ಅದನ್ನ ಎತ್ತಿ ಹಿಡೀತು. ನಯವಾಗಿ ತೆಗೀರಿ ಅಂತ ಕೇಳಿ, ಬಡಿಸಿದೋರಿಗೆ ಕೈಯಾರೆ ಟಿಪ್ಸ್ ಕೊಡಿ.

ಮಳೇಲಿ ಯಾರು ಹೋಗ್ತಾರೆ, ಸ್ವಿಗ್ಗೀಲಿ ತರಿಸ್ಕೊಂಡ್ರೆ ಆಗಲ್ವಾ?

ರಾಮೆನ್ ಬೇಡ ಅಂತೀನಿ. ಬಿಸಿ ಸೂಪಲ್ಲಿ ನೂಡಲ್ಸು ನೀರು ಕುಡೀತಾನೇ ಇರತ್ತೆ, ಹತ್ತು ನಿಮಿಷಕ್ಕೆ ಪುಟಿಯೋ ಗುಣ ಹೋಗ್ಬಿಡತ್ತೆ, ಗಾಡಿ ಕೋಥ್ರೂಡ್ ಮುಟ್ಟೋ ಹೊತ್ತಿಗೆ ಇನ್ನೇನು ಉಳಿಯತ್ತೆ. ತರಿಸಲೇಬೇಕು ಅಂದ್ರೆ ಸೂಪು ನೂಡಲ್ಸು ಬೇರೆ ಬೇರೆ ಡಬ್ಬೀಲಿ ಕಳಿಸೋ ಕಡೆ ನೋಡಿ, ಮನೇಲಿ ಸೂಪನ್ನ ಚೆನ್ನಾಗಿ ಕುದಿಸಿ, ನೂಡಲ್ಸಿಗೆ ಬಿಸಿನೀರು ಹೊಯ್ದು ಬಿಡಿಸ್ಕೊಂಡು ಸೇರಿಸಿ. ಬಬಲ್ ಟೀ ಅರ್ಧ ಗಂಟೆ ತಡ್ಕೊಳ್ಳತ್ತೆ, ಐಸ್ ಕರಗಿ ನೀರಾಗೋದು ಅಷ್ಟೇ ತೊಂದ್ರೆ. ಆದ್ರೆ ಉಳಿದಿದ್ದನ್ನ ಫ್ರಿಜ್ಜಲ್ಲಿ ಇಟ್ಟು ನಾಳೆ ಕುಡೀತೀನಿ ಅನ್ನಬೇಡಿ, ತಣ್ಣಗಾದ ಪಿಷ್ಟ ಬಿಗಿಯಾಗಿ ಬೋಬಾ ಒಳಗೆ ಸುಣ್ಣದ ಉಂಡೆ ಆಗಿರತ್ತೆ. ಪೇಪರ್ ಸ್ಟ್ರಾನೂ ಅಷ್ಟೇ, 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆದ್ಮೇಲೆ ಬಂದಿದ್ದು, ನಿಧಾನ ಮಾಡಿದ್ರೆ ನೆಂದು ಕುಸಿಯತ್ತೆ.

ಬಬಲ್ ಟೀಗೆ ಸಕ್ಕರೆ 30% ಅಂತ ಹೇಳ್ತೀನಿ, ಆದ್ರೂ ಯಾಕಿಷ್ಟು ಸಿಹಿ?

ನೀವು ಕಮ್ಮಿ ಮಾಡ್ಸಿದ್ದು ಟೀಗೆ ಹಾಕೋ ಪಾಕ ಮಾತ್ರ. ಬೋಬಾ ಸಕ್ಕರೆ ಪಾಕದಲ್ಲೇ ನೆನೆದಿರತ್ತೆ, ಹಣ್ಣಿನ ಸಿರಪ್ಪು, ಟಾರೋ ಪುಡಿ ಇವುಗಳಲ್ಲಿ ಸಕ್ಕರೆ ಮೊದ್ಲೇ ಇದೆ. ಲೋಟದ ಗೋಡೆ ಮೇಲೆ ಕಂದು ಪಟ್ಟೆ ಇಳಿದಿರೋ ಬ್ರೌನ್ ಶುಗರ್ ಹಾಲಿನಲ್ಲಂತೂ ಆ ಪಟ್ಟೇನೇ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ದೊಡ್ಡೋರಿಗೆ ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು, 25ರ ಒಳಗಿದ್ರೆ ಇನ್ನೂ ಒಳ್ಳೇದು, ಒಂದು ದೊಡ್ಡ ಲೋಟದಲ್ಲೇ ಅದರ ಬಹುಪಾಲು ಮುಗಿಯಬಹುದು. ಕಮ್ಮಿ ಸಿಹಿ ನಿಜವಾಗ್ಲೂ ಬೇಕಿದ್ರೆ ಊಲಾಂಗ್ ಇಲ್ಲಾ ಜಾಸ್ಮಿನ್ ಟೀ, ಸೊನ್ನೆ ಸಕ್ಕರೆ, ಬೋಬಾ ಒಂದೇ ಟಾಪಿಂಗ್, ನಂಗೆ ಇಷ್ಟವಾದ ಜೋಡಿ ಇದೇನೆ, ಟೀ ವಾಸನೆ ಮೂಗಿಗೆ ಬರತ್ತೆ.

ರಾಮೆನ್ ಸೂಪ್ ಪೂರ್ತಿ ಕುಡೀಬೇಕಾ?

ಬೇಕಾಗಿಲ್ಲ. ದಿನಕ್ಕೆ ಉಪ್ಪು 5 ಗ್ರಾಮಿನ ಒಳಗೆ ಅನ್ನೋದು ಅದೇ ಸಂಸ್ಥೆಯ ಸಲಹೆ, ಒಂದು ಬೌಲ್ ಸೂಪ್ ಸಮೇತ ಖಾಲಿ ಮಾಡಿದ್ರೆ ಅಷ್ಟೂ ಅದರಲ್ಲೇ ಆಗೋಗಬಹುದು. ಬಿಪಿ ಇರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋದ್ರೆ ಸೂಪ್ ಅರ್ಧಕ್ಕೇ ಬಿಡಿಸಿ.

ಸಂಜೆ ಬಬಲ್ ಟೀ ಕುಡಿದ್ರೆ ರಾತ್ರಿ ನಿದ್ದೇನೇ ಬರಲ್ಲ, ಹಾಲು ಜಾಸ್ತಿ ಇರತ್ತಲ್ಲ?

ಹಾಲು ಎಷ್ಟಿದ್ರೂ ಒಳಗಿರೋದು ಟೀ, ಕೆಫೀನ್ ಇರತ್ತೆ. ಹಣ್ಣಿನ ಟೀಗೂ ಬುಡ ಗ್ರೀನ್ ಟೀನೋ ಬ್ಲ್ಯಾಕ್ ಟೀನೋ. ಟೀ ಹಾಕದ ಬ್ರೌನ್ ಶುಗರ್ ಹಾಲು ತಗೊಳ್ಳಿ.

## ಸ್ವಲ್ಪ ಒಳಗೆ ಇಳಿಯೋರಿಗೆ

ಒಳ್ಳೆ ಅಂಗಡಿ ಅಂತ ಒಳಗೆ ಹೋದ ಕೂಡ್ಲೇ ಗುರ್ತಿಸೋಕಾಗತ್ತಾ?

ಸುಮಾರಾಗಿ ಆಗತ್ತೆ. ಬಬಲ್ ಟೀ ಅಂಗಡೀಲಿ "ಬೋಬಾ ಯಾವಾಗ ಬೇಯಿಸಿದ್ರಿ" ಅಂತ ಕೇಳಿ. ಬೆಂದ ಬೋಬಾ ಪಾಕದಲ್ಲಿ ಬೆಚ್ಚಗಿದ್ರೆ ನಾಕು ಗಂಟೆ ಚೆನ್ನಾಗಿರತ್ತೆ, ಆಮೇಲೆ ಹೊರಗೆ ಕರಗಿ ಒಳಗೆ ಗಟ್ಟಿಯಾಗತ್ತೆ. ಟೈಮ್ ಬರೆದು ಪಾತ್ರೆ ಮೇಲೆ ಅಂಟಿಸಿರೋ ಅಂಗಡಿ ಮೇಲೆ ನಂಗೆ ಅಪಾರ ಗೌರವ. "ಈಗ ಮುಗೀತು, 40 ನಿಮಿಷ ಆಗತ್ತೆ" ಅಂದ್ರೆ ಬೇಜಾರಾಗಬೇಡಿ, ಅದು ಒಳ್ಳೆ ಲಕ್ಷಣ. ಟೀ ಎಲೆ ಕುದಿಸಿದ್ದಾ ಪುಡಿ ಕದಡಿದ್ದಾ ಅಂತ ಕೌಂಟರಿನ ಆಚೆ ನೋಡಿದ್ರೇ ಕಾಣತ್ತೆ.

ರಾಮೆನ್ನಲ್ಲಿ ನಾನು ನೋಡೋದು ಮೆನುವಿನ ಉದ್ದ. ಒಂದೇ ಅಡುಗೆಮನೇಲಿ ಸುಶಿ, ಮೊಮೊ, ಥಾಯ್ ಕರಿ, ಪಿಜ್ಜಾ, ಅದರ ಜೊತೆ ಹತ್ತು ತರದ ರಾಮೆನ್ ಅಂದ್ರೆ ಸೂಪಿಗೆ ಅಷ್ಟು ಹೊತ್ತು ಕೊಡೋರು ಯಾರು? ಎರಡು ಮೂರೇ ಬಗೆ ಇದ್ರೆ ನಂಬಿಕೆ ಬರತ್ತೆ. ಬೌಲ್ ಮುಟ್ಟಿ ನೋಡಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿದ ಬೌಲೇ ಆಗಿರ್ಬೇಕು. ಮೊಟ್ಟೆ ಕುಯ್ದಾಗ ಹಳದಿ ಜೇನಿನಷ್ಟು ಗಟ್ಟಿ ಇದ್ದು, ಬಿಳಿ ಭಾಗ ಸೋಯಾದಲ್ಲಿ ನೆನೆದು ಕಂದಾಗಿದ್ರೆ ಯಾರೋ ಹಿಂದಿನ ದಿನವೇ ಕೆಲಸ ಶುರು ಮಾಡಿದಾರೆ ಅಂತ ಅರ್ಥ.

ಬಬಲ್ ಟೀ ಕಂಡುಹಿಡಿದಿದ್ದು ಯಾರು, ಕೊರಿಯಾದೋರಾ?

ತೈವಾನಿನೋರು, 1980ರ ದಶಕದಲ್ಲಿ. ತೈಚುಂಗ್ ಊರಿನ ಚುನ್ ಶುಯಿ ತಾಂಗ್ ಅನ್ನೋ ಟೀ ಅಂಗಡಿ ನಾವು ಅಂತು, ತೈನಾನ್ ಊರಿನ ಹಾನ್‌ಲಿನ್ ನಾವು ಅಂತು, ಹತ್ತು ವರ್ಷ ಕೋರ್ಟಲ್ಲಿ ನಡೆದು 2019ರಲ್ಲಿ ಮುಗೀತು. ಇದು ಪೇಟೆಂಟ್ ಇರೋ ವಸ್ತು ಅಲ್ಲ, ಯಾರು ಬೇಕಾದ್ರೂ ಮಾಡ್ಬಹುದು, ಯಾರು ಮೊದಲು ಅಂತ ತೀರ್ಮಾನಿಸೋ ಅಗತ್ಯ ಇಲ್ಲ ಅಂತು ಕೋರ್ಟು. ಆ ತೀರ್ಪು ನಂಗೆ ತುಂಬಾ ಹಿಡಿಸ್ತು, ಹಾಗಾಗಿದ್ದಕ್ಕೇ ಅಲ್ವಾ ಅದು ಎಫ್‌ಸಿ ರೋಡಿಗೂ ಬಂದಿದ್ದು.

ರಾಮೆನ್ ಚೀನಾದ್ದು ಅಂತ ಒಬ್ರು, ಜಪಾನಿಂದು ಅಂತ ಒಬ್ರು, ಯಾವುದು ನಿಜ?

ಗೋಧಿ ನೂಡಲ್ಸು ಚೀನಾದಿಂದ ಬಂತು, ಬೌಲ್ ಜಪಾನಲ್ಲಿ ಬೆಳೀತು. ಯೊಕೊಹಾಮಾ ಬಂದರಲ್ಲಿ ಚೀನೀಯರ ಕೇರಿ ಇತ್ತು, 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಅನ್ನೋ ಹೋಟೆಲ್ ಶುರುವಾದಾಗ ಅಡುಗೆಯೋರನ್ನ ಅಲ್ಲಿಂದಲೇ ಕರೆಸಿದ್ರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕ್ಕಿಗೆ ಬರ, ಅಮೆರಿಕದ ಗೋಧಿ ಬಂದು ಬೀಳ್ತು, ಬೀದಿ ಗಾಡಿಗಳಲ್ಲಿ ಹಸಿದ ಜನಕ್ಕೆ ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬಿಸಿದ್ದು ಈ ರಾಮೆನ್ನು. ಕೋರೆಗಾಂವ್ ಪಾರ್ಕಿನ ಲೈಟಿನ ಕೆಳಗೆ ಕೂತು ತಿನ್ನೋವಾಗ ಇದನ್ನ ನೆನಪಿಟ್ಕೋಬೇಕು ಅನ್ಸತ್ತೆ ನಂಗೆ, ಇದು ಕೂಲಿಯೋರ ಊಟವಾಗಿತ್ತು.

ರೂಮಲ್ಲೇ ಮಾಡ್ಕೋಬಹುದಾ, ಒಂದೇ ಇಂಡಕ್ಷನ್ ಇದೆ

ಮಾಡ್ಬಹುದು. ಕೊಂಬು, ಮಿಸೋ, ಒಣ ಶಿಟಾಕೆ ಎಲ್ಲಾ ಕ್ಯಾಂಪ್ ಏರಿಯಾದ ದೊರಾಬ್ಜೀಸ್ ಅನ್ನೋ ಸೂಪರ್‌ಮಾರ್ಕೆಟಲ್ಲಿ ಸಿಗತ್ತೆ, ದುಬಾರಿ, ಆದ್ರೆ ನಾಕು ಜನ ಸೇರಿ ತಗೊಂಡ್ರೆ ತಿಂಗಳುಗಟ್ಟಲೆ ಬರತ್ತೆ. ಅಣಬೆ, ಕೊಂಬು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿ ಮಾಡಿ, ಕುದಿ ಬರೋ ಮೊದ್ಲೇ ಕೊಂಬು ತೆಗೀರಿ, ಇಲ್ಲಾಂದ್ರೆ ಲೋಳೆ ಬಿಡತ್ತೆ. ಸಿಹಿ ಇಲ್ಲದ ಸೋಯಾ ಹಾಲು ಹಾಕಿ ಸಣ್ಣ ಉರೀಲೇ ಇಡಿ, ಜೋರಾಗಿ ಕುದ್ರೆ ಒಡೆಯತ್ತೆ. ಉರಿ ಆರಿಸಿದ ಮೇಲೆ ಮಿಸೋ, ಹುರಿದು ರುಬ್ಬಿದ ಎಳ್ಳು ಕದಡಿ. ನೂಡಲ್ಸಿಗೆ ತೆಳ್ಳನೆ ಸ್ಪಗೆಟ್ಟಿ ಸಾಕು, ಒಂದು ಲೀಟರ್ ಕುದಿಯೋ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ, ಬಣ್ಣ ಹಳದಿಯಾಗಿ ರಾಮೆನ್ನಿನ ಪುಟಿತ ಬರತ್ತೆ. ನೊರೆ ಉಕ್ಕತ್ತೆ, ದೊಡ್ಡ ಪಾತ್ರೆ ಇಡಿ, ಬಸಿದು ಒಂದ್ಸಲ ತೊಳೀರಿ.

ಬೋಬಾಕ್ಕೆ ಸಾಬೂದಾನಿ ಆಗಲ್ಲ, ಟಪಿಯೋಕಾ ಹಿಟ್ಟೇ, ಅಂದ್ರೆ ಮರಗೆಣಸಿನ ಪಿಷ್ಟದ ಪುಡೀನೇ ಬೇಕು. 60 ಎಂಎಲ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕೊತಕೊತ ಕುದಿಸಿ, 100 ಗ್ರಾಂ ಹಿಟ್ಟಲ್ಲಿ ಕಾಲುಭಾಗ ಅದಕ್ಕೆ ಹಾಕಿ ತಿರುವಿ, ಅಕ್ಕಿ ರೊಟ್ಟಿಗೆ ಉಕ್ಕರಿಸ್ತೀವಲ್ಲ ಹಾಗೆ, ಅಂಟಂಟಾದ ಮೇಲೆ ಉಳಿದ ಹಿಟ್ಟು ಸೇರಿಸಿ ಬಿಸಿ ಇರುವಾಗ್ಲೇ ನಾದಿ. ನೀರು ಕುದಿದಿಲ್ಲ ಅಂದ್ರೆ ಉಂಡೆ ಕಟ್ಟೋಕೇ ಆಗಲ್ಲ, ಹಿಟ್ಟು ಕೈಯಿಂದ ಹರಿದು ಹೋಗತ್ತೆ. ಕಡಲೆಕಾಳಿಗಿಂತ ಚಿಕ್ಕ ಉಂಡೆ ಕಟ್ಟಿ, ಕುದಿಯೋ ನೀರಲ್ಲಿ 20 ನಿಮಿಷ ಬೇಯಿಸಿ, ಉರಿ ಆರಿಸಿ ಮುಚ್ಚಿ ಇನ್ನೊಂದು 20 ನಿಮಿಷ ಬಿಟ್ಟು, ಬೆಲ್ಲದ ಪಾಕಕ್ಕೆ ಹಾಕಿ. ಜಾಸ್ತಿ ಉಂಡೆ ಮಾಡಿದ್ರೆ ಹಸಿಯಾಗಿರುವಾಗ್ಲೇ ಹಿಟ್ಟು ಉದುರಿಸಿ ಫ್ರೀಜರಲ್ಲಿಡಿ, ಬೇಯಿಸಿದ್ದನ್ನ ಮಾತ್ರ ಅವತ್ತೇ ಮುಗಿಸಿ.